ಕಪ್ಪು ಕನ್ನಡಕ ಕಾಯಲಿಲ್ಲ, ಈರಣ್ಣ ಕಾಯ್ದ

ನಮ್ಮ ಮನೆಯಲ್ಲಿ ಡಿಗ್ರಿ ಎಂಬುದು ಆಗುವ ಮಾತೇ ಅಲ್ಲ ಎಂದವನು ನನ್ನ ಸೋದರಮಾವ ಬಸಣ್ಣ. ಚಿಪ್ಪಗಿರಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ ಹೇಳಿದ್ದ: "ನಮ್ಮ ಪೈಕಿ ಹತ್ತನೇ ದಾಟಿದೋರೇ ಇಲ್ಲ. ಈಕಿ ಬಿಎಸ್ಸಿ ಮುಗಿಸಿದ್ರ ನಮ್ಮ ಎತ್ತು ಕರು ಹಾಕ್ತತಿ ನೋಡ್ರಿ."

ಭಕ್ತ ಬಂಧುಗಳೇ, ಅವನ ಮಾತು ನಿಜವಾಗುವುದರಲ್ಲಿತ್ತು.

ಅಪ್ಪ ಅವ್ವ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಗುಂಟೂರಿನ ಕಡೆ ಹೋಗುವವರು. ನನ್ನನ್ನು ಸಾಕಿದ್ದು ಅಜ್ಜಿ. ಎಡಗಣ್ಣು ಹುಟ್ಟಿನಿಂದಲೇ ಮಂದ, ಓದಿದ್ದೆಲ್ಲ ಬಲಗಣ್ಣಿನಿಂದ. ಆದೋನಿಯಲ್ಲಿ ಕೊನೆಯ ವರ್ಷ ಓದುತ್ತಾ, ಮಧ್ಯಾಹ್ನದ ಮೇಲೆ ಪಾತ್ರೆ ಅಂಗಡಿಯೊಂದರಲ್ಲಿ ಲೇಸರ್ ಮೆಷಿನ್ನಿನಿಂದ ಮದುವೆಯ ಸ್ಟೀಲ್ ಪಾತ್ರೆಗಳಿಗೆ ಹೆಸರು ಹಾಕುವ ಕೆಲಸ ಮಾಡುತ್ತಿದ್ದೆ. ಮೆಷಿನ್ ಜೊತೆ ಬಂದಿದ್ದ ಗಾಗಲ್ಸ್ ಒಡೆದುಹೋಗಿತ್ತು. ಬೇರೆ ತರಿಸಿ ಎಂದರೆ ಮಾಲೀಕರು ನಕ್ಕರು. "ಅದರ ಬೆಳಕು ಕಣ್ಣಿಗೇ ಕಾಣಂಗಿಲ್ಲ, ಕಣ್ಣಿಗೇನು ಮಾಡ್ತತಿ ಬಿಡವ್ವ."

ಇದನ್ನು ಕೇಳಿದ ಅಜ್ಜಿ, ತನ್ನ ಪೊರೆ ತೆಗೆದಾಗ ಕಣ್ಣಿನ ಶಿಬಿರದವರು ಕೊಟ್ಟಿದ್ದ ಕಪ್ಪು ಕನ್ನಡಕ ತಂದು ನನಗೆ ಹಾಕಿದಳು. "ಸೂರ್ಯನ್ನೇ ತಡೀತೈತಿ ಇದು. ನಿನ್ನ ಮೆಷಿನ್ ಯಾವ ಲೆಕ್ಕ?"

ಒಂದು ದಿನ ಆ ಕನ್ನಡಕ ತೊಟ್ಟೇ ಹೆಸರು ಹಾಕುವಾಗ ಕೊಡ ಉರುಳಿತು. ಅದರ ಹೊಳಪಿಗೆ ಬಡಿದ ಕಿರಣ ತಿರುಗಿ ಬಲಗಣ್ಣಿಗೆ ಬಂತು. ನೋವಿಲ್ಲ, ಒಳಗೆ ಟಪ್ ಎಂದಂತಾಯಿತು, ಅಷ್ಟೇ. ನೋಡಿದರೆ ಕೊಡದ ಮೇಲಿನ ಹೆಸರಿನಲ್ಲಿ ನಡುವಿನ ಅಕ್ಷರಗಳಿಲ್ಲ.

ಬಳ್ಳಾರಿ ಆಸ್ಪತ್ರೆಗೆ ಕರೆದೊಯ್ದವನು ಬಸಣ್ಣ ಮಾವನೇ. ಬಸ್ಸಿನಲ್ಲಿ ಬೈದದ್ದೇ ಬೈದದ್ದು. "ಓದು ಬ್ಯಾಡ ಅಂದೆ, ಕೇಳಿದೇನು? ಈಗ ಕಣ್ಣೂ ಹೋತು, ಓದೂ ಹೋತು." ಬೈಯುತ್ತಲೇ ಕಿಟಕಿಗೆ ಟವೆಲ್ ಹಿಡಿದು ನನ್ನ ಮುಖಕ್ಕೆ ನೆರಳು ಮಾಡಿ ಕೂತಿದ್ದ.

ಡಾಕ್ಟರಮ್ಮ ಕಪ್ಪು ಕನ್ನಡಕವನ್ನು ತಿರುಗಿಸಿ ನೋಡಿದರು. "ಕಪ್ಪಿದ್ರೆ ಸಾಕು ಅನ್ಕೊಂಡ್ರಾ? ಆ ಕಾಣದ ಬೆಳಕು ಇದರೊಳಗೆ ಹಾಯ್ದು ಬರ್ತತಿ. ಸಾಲದ್ದಕ್ಕೆ, ಕತ್ತಲಾತು ಅಂತ ಕಣ್ಣಿನ ಪಾಪೆ ಇನ್ನೂ ಅಗಲ ಆಗ್ತತಿ. ಆ ಮೆಷಿನ್ನಿನ ಬೆಳಕಿಗಂತಲೇ ಮಾಡಿದ ಗಾಗಲ್ಸ್ ಬೇಕಮ್ಮ."

"ಕಣ್ಣು ಬರ್ತತೇನ್ರಿ?" ಎಂದೆ.

"ಕೆಲವರಿಗೆ ಬರ್ತತಿ, ಕೆಲವರಿಗೆ ಇಲ್ಲ. ಕಾಯ್ಬೇಕು."

ಕಾದೆ. ಪುಸ್ತಕ ತೆರೆದರೆ ಸಾಲಿನ ನಡುವೆ ಬೂದಿಬಣ್ಣದ ಮಚ್ಚೆ. ಎಡಗಣ್ಣಿನಿಂದ ಓದಲು ಹೋದರೆ ತಲೆ ಸಿಡಿದು ವಾಂತಿ. ಅಜ್ಜಿ ರಾತ್ರಿಯೂಟ ಬಿಟ್ಟಳು. ಈರಣ್ಣಸ್ವಾಮಿಯ ಗುಡಿಗೆ ಕರೆದೊಯ್ದು, "ಕನ್ನಡಕ ಕೊಟ್ಟಾಕಿ ನಾನು. ನನ್ನ ಕಣ್ಣು ತಗಾ, ಆಕಿದು ಬಿಡು" ಎಂದು ಹೊಸ್ತಿಲಿಗೆ ಹಣೆ ಬಡಿದಳು. ನಾನು ಬಲಗಣ್ಣಿನಲ್ಲಿ ನೋಡಿದೆ. ಸುತ್ತ ಬೆಳ್ಳಿಯ ಪ್ರಭಾವಳಿ ಕಂಡಿತು. ಸ್ವಾಮಿಯ ಮುಖವಿರಬೇಕಾದಲ್ಲಿ ಅದೇ ಮಚ್ಚೆ. ನಿನ್ನ ಮುಖವನ್ನೂ ಕಸಿದುಕೊಂಡೆಯಲ್ಲ ಎಂದಷ್ಟೇ ಅನ್ನಲು ಸಾಧ್ಯವಾಯಿತು. ಬೇಡಿಕೊಳ್ಳಲು ಬಾಯಿ ಬರಲಿಲ್ಲ.

ಪರೀಕ್ಷೆಗಳು ನಾನಿಲ್ಲದೆ ನಡೆದುಹೋದವು. ಪುಸ್ತಕಗಳನ್ನು ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದೆ. ಮಾವನೇ ಗೆದ್ದ.

ದಿನಾ ಬೆಳಿಗ್ಗೆ ಎಡಗಣ್ಣು ಮುಚ್ಚಿ ಅಜ್ಜಿಯ ಮುಖ ನೋಡುವುದು ರೂಢಿಯಾಗಿತ್ತು. ಆ ಮುಖದಲ್ಲಿ ಮೂಗೇ ಇರುತ್ತಿರಲಿಲ್ಲ. ಶ್ರಾವಣದ ಒಂದು ಬೆಳಿಗ್ಗೆ ಅಜ್ಜಿ ಚಹಾ ತಂದಳು. ಏನೋ ಮಿನುಗಿತು.

"ಅಜ್ಜೀ, ನಿನ್ನ ಮೂಗುಬೊಟ್ಟಿನಾಗ ಒಂದು ಹರಳಿಲ್ಲ!"

"ಅದು ಬಿದ್ದು ಎಷ್ಟೋ ವರ್ಷಾತಲ್ಲೇ…" ಎನ್ನುತ್ತಲೇ ಅಜ್ಜಿಗೆ ಅರ್ಥವಾಯಿತು. ಲೋಟ ಬಿಟ್ಟು ನೆಲದಲ್ಲೇ ಕುಸಿದು ಅತ್ತಳು.

ಕಣ್ಣಿನೊಳಗಿನ ಊತ ಇಳಿದಿದೆ, ಹೀಗೂ ಆಗುವುದುಂಟು ಎಂದರು ಡಾಕ್ಟರಮ್ಮ. ಇಳಿಸಿದವನಾರೆಂದು ನನಗೆ ಗೊತ್ತು. ಸಣ್ಣದೊಂದು ಚುಕ್ಕಿ ಇಂದಿಗೂ ಉಳಿದಿದೆ, ಇರಲಿ. ಬಂಧುಗಳೇ, ಬೇಡಿಕೊಳ್ಳಿ, ಅವನು ಕೇಳುತ್ತಾನೆ. ಆದರೆ ಲೇಸರ್ ಮುಂದೆ ಕೂರುವ ಮಕ್ಕಳಿಗೆ ಆ ಬೆಳಕನ್ನು ತಡೆಯುವ ಕನ್ನಡಕವನ್ನೇ ಕೊಡಿಸಿ. ಈರಣ್ಣ ಇದ್ದಾನೆಂದು ಅವನಿಗೆ ಕೆಲಸ ಹೆಚ್ಚಿಸಬೇಡಿ.

ಮರುಪರೀಕ್ಷೆಯಲ್ಲಿ ಎಲ್ಲ ವಿಷಯಗಳೂ ಪಾಸಾದವು. ಸರ್ಟಿಫಿಕೇಟ್ ತರಲು ಅಜ್ಜಿಯೂ ಮಾವನೂ ಕಾಲೇಜಿಗೆ ಬಂದಿದ್ದರು. ಗುಮಾಸ್ತರು ಕಿಟಕಿಯಿಂದ ಅದನ್ನು ನನ್ನ ಕೈಗೆ ಕೊಟ್ಟರು. ಮಾವ ಅತ್ತ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಅಜ್ಜಿ ನನ್ನ ತೋಳು ಹಿಡಿದಳು.

"ಎಡಗಣ್ಣ ಮುಚ್ಚಿಕ್ಯಂಡು ಓದವ್ವ. ಜೋರಾಗಿ ಓದು. ಒಂದಕ್ಷರನೂ ಬಿಡಬ್ಯಾಡ."