ತಿರುವಿನಲ್ಲಿ ಕೆಂಪು ಕುರ್ಚಿಗಳು

ಗುಜರಿ ಆಯುವವರ ಕೇರಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸನ್ನು ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಅವಳಪ್ಪನ ವಾರಿಗೆಯವನಾದ ಬಾಟಲಿ ತಾತನೂ ಹಾಗೇ ಕರೆಯುತ್ತಿದ್ದ. ಹೊಲಿಗೆಯ ಕೂಲಿ ಇಳಿಸಬೇಕಾದಾಗ ನಂಟಸ್ತನ ತಾನಾಗಿ ಚಿಗುರುತ್ತದೆ.

ಅವಳನ್ನು ನಿಜವಾಗಿ ಚಿಕ್ಕಮ್ಮ ಎನ್ನುವ ಹಕ್ಕಿದ್ದದ್ದು ಒಬ್ಬಳಿಗೇ, ತೀರಿಹೋದ ಅಕ್ಕನ ಮಗಳಿಗೆ. ಕೇರಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಅವಳು. ಹತ್ತಿದ್ದೇನೋ ಸರಿ, ಮುಟ್ಟುವುದೇ ಕಷ್ಟ. ನಡೆದು ಹೋಗುವಷ್ಟರಲ್ಲಿ ಮೊದಲ ಪಾಠ ಮುಗಿದಿರುತ್ತಿತ್ತು. ಹಾಜರಿ ಹೀಗೇ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಮೇಷ್ಟ್ರು ಹೇಳಿಬಿಟ್ಟಿದ್ದರು.

ಬಸ್ಸೇನೋ ಇತ್ತು. ಚಿಕ್ಕಮ್ಮನ ಮಿಷನ್ನಿನ ಮುಂದಿನ ಕಿಟಕಿಯಿಂದಲೇ ಕಾಣುತ್ತಿತ್ತು. ದಿನಾ ಬೆಳಗ್ಗೆ ಮಂಜಿನೊಳಗಿಂದ ಹಳದಿ ಕಿಟಕಿಗಳ ಸಾಲೊಂದು ತೇಲಿ ಬರುತ್ತಿತ್ತು. ಗಾಜಿಗೆ ತಲೆಯಾನಿಸಿದ ಮುಖಗಳು ಯಾರದೋ ನಿದ್ದೆಯಲ್ಲಿ ಕಂಡವರಂತೆ ಜಾರಿಹೋಗುತ್ತಿದ್ದವು. ಕೇರಿಯ ತಿರುವಿನಲ್ಲಿ ನಿಲ್ಲುತ್ತಿರಲಿಲ್ಲ, ಅಷ್ಟೇ.

ಕೇಳೋಣವೆಂದು ಚಿಕ್ಕಮ್ಮ ಸಾರಿಗೆ ಕಚೇರಿಗೆ ಹೋದಳು.

"ಅಲ್ಲಿ ಬಸ್ಸಿಗೆ ಕಾಯೋರೇ ಇಲ್ಲವಲ್ಲಮ್ಮ," ಎಂದ ಗುಮಾಸ್ತ. "ಜನ ಇದ್ದರೆ ತಾನೇ ಸ್ಟಾಪು?"

"ಬಸ್ಸೇ ನಿಲ್ಲದ ಕಡೆ ಯಾರು ಸ್ವಾಮಿ ಕಾಯ್ತಾರೆ?"

"ನಾನೂ ಅದನ್ನೇ ಅಲ್ವಾ ಹೇಳ್ತಿರೋದು!" ವಾದ ಗೆದ್ದವನಂತೆ ಗುಮಾಸ್ತ ಬೆನ್ನು ಒರಗಿಸಿ ಕೂತ.

ಮನೆಗೆ ಬಂದು ಅರ್ಧಕ್ಕೆ ಬಿಟ್ಟಿದ್ದ ಕೋಟನ್ನು ಕೈಗೆತ್ತಿಕೊಂಡಳು. ಕೋಟಿಗೆ ಯಾರೂ ಮೊದಲೇ ಗಟ್ಟಿ ಹೊಲಿಗೆ ಹಾಕುವುದಿಲ್ಲ. ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ, ಗಿರಾಕಿಗೆ ತೊಡಿಸಿ, ಮೈಗೆ ಕೂತರೆ ಮಾತ್ರ ಮಿಷನ್ನಿಗೆ ಕೊಡುವುದು. ದಾರ ಎಳೆಯುತ್ತಾ ಎಳೆಯುತ್ತಾ ಅವಳ ಕೈ ನಿಂತಿತು. ರಸ್ತೆಗೂ ಒಮ್ಮೆ ಕಚ್ಚಾ ಸ್ಟಾಪೊಂದನ್ನು ತೊಡಿಸಿ ನೋಡಿದರೆ?

ಮುಚ್ಚಿದ ಚಿತ್ರಮಂದಿರದ ಕುರ್ಚಿಗಳು ಒಂದು ಸಾಲು ಗುಜರಿಯಲ್ಲಿ ಬಿದ್ದಿದ್ದವು. ಹರಿದ ಕೆಂಪು ಮೆತ್ತೆಗಳಿಗೆ ತೇಪೆ ಹಾಕಿ, ಕೇರಿಯವರಿಂದ ಹೊರಿಸಿ ತಿರುವಿನಲ್ಲಿ ಸಾಲಾಗಿ ಇಡಿಸಿದಳು. "ದಿನಾ ಬೆಳಗ್ಗೆ ಬಂದು ಕೂತ್ಕೊಳ್ಳಿ. ಒಳ್ಳೆ ಬಟ್ಟೆ ಹಾಕ್ಕೊಳ್ಳಿ. ಬಸ್ಸಿಗೆ ಕಾಯೋರ ಥರ ಕಾಣ್ಬೇಕು," ಎಂದು ಮನೆಮನೆಗೂ ಹೇಳಿ ಬಂದಳು. ಗಿರಾಕಿಗಳಿಲ್ಲದ ಅಂಗಡಿಯಲ್ಲಿ ಸ್ವಂತ ಭಾವಮೈದುನರನ್ನೇ ಕೂರಿಸಿಕೊಳ್ಳುವವರನ್ನು ಅವಳೇನು ಕಂಡಿರಲಿಲ್ಲವೇ?

"ಪಿಚ್ಚರ್ ಯಾವಾಗ ಶುರು ಚಿಕ್ಕಮ್ಮಾ?" ಎಂದ ಬಾಟಲಿ ತಾತ, ಮೊದಲ ದಿನ ಕಾಲು ಚಾಚಿ ಕೂತು.

"ನಿನ್ನ ಬಾಯಿ ಮುಚ್ಚಿದ ಮೇಲೆ."

ಬಸ್ಸು ನಿಲ್ಲದೆ ಹೋಯಿತು. ಮರುದಿನವೂ ಹೋಯಿತು. ಆದರೂ ಜನ ಬರುವುದನ್ನು ಬಿಡಲಿಲ್ಲ. ಮಂಜಿನಲ್ಲಿ ಆ ಕೆಂಪು ಸಾಲಿನ ಮೇಲೆ ಕೂತರೆ ಮೈ ಹಗುರವಾಗಿ, ರಸ್ತೆಯೇ ಪರದೆಯಾಗಿ, ಎಲ್ಲಿಗೋ ಹೊರಟಂತೆಯೇ ಅನಿಸುತ್ತಿತ್ತು. ತಗಡು ಬಡಿಯುವವನು ನಡುನಡುವೆ ಎದ್ದು ರಸ್ತೆ ಇಣುಕುತ್ತಿದ್ದ. ಅವನ ಹೆಂಡತಿ ತಲೆ ಬಾಚಿಕೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು ಬರತೊಡಗಿದಳು. ಚೀಲದಲ್ಲೇನಿದೆ ಎಂದು ಯಾರೂ ಕೇಳಲಿಲ್ಲ. ಡ್ರೈವರ್ ಬಸ್ಸನ್ನು ನಿಧಾನ ಮಾಡಿ ಇವರನ್ನು ನೋಡತೊಡಗಿದ. ಇವರೂ ಅವನನ್ನು ನೋಡಿದರು.

ಒಂದು ಬೆಳಗ್ಗೆ ಬಸ್ಸು ನಿಂತೇಬಿಟ್ಟಿತು. ಬಾಗಿಲು ತೆರೆಯಿತು.

ಚಿಕ್ಕಮ್ಮ ಹುಡುಗಿಯ ಕೈಹಿಡಿದು ಮುಂದೆ ತಳ್ಳುವಷ್ಟರಲ್ಲಿ ಕೆಂಪು ಸಾಲು ಪೂರಾ ಖಾಲಿಯಾಗಿತ್ತು. ಕಾದವರೆಲ್ಲ ನಿದ್ದೆಯಲ್ಲಿ ನಡೆಯುವವರಂತೆ ಎದ್ದು ಒಬ್ಬರ ಹಿಂದೊಬ್ಬರು ಬಸ್ಸು ಹತ್ತಿಬಿಟ್ಟಿದ್ದರು. ಹುಡುಗಿಗೆ ಕಾಲಿಡಲೂ ಜಾಗವಿಲ್ಲ.

"ತಾತಾ, ಇಳಿಯೋ! ಸುಮ್ನೆ ಕೂತ್ಕೋ ಅಂದಿದ್ದಲ್ವಾ?"

"ಕಾಯಿ ಅಂದೆ, ಕಾದೆ. ಬಸ್ಸು ಬಂತು," ಎಂದ ತಾತ ಮೆಟ್ಟಿಲ ಮೇಲಿಂದ. ಆಮೇಲೆ ದನಿ ತಗ್ಗಿಸಿದ. "ಬಾಗಿಲು ತೆಗೆದ್ರಲ್ಲ ಚಿಕ್ಕಮ್ಮಾ. ನಮಗೆ ಅಂತ ಯಾರು ತೆಗೆದಿದ್ರು ಹೇಳು?"

ಕಂಡಕ್ಟರ್ ಸೀಟಿಯನ್ನು ಬಾಯಿಗಿಟ್ಟ. ಹುಡುಗಿಯ ಕಣ್ಣು ತುಂಬಿತು.

ಚಿಕ್ಕಮ್ಮ ಬಾಗಿಲ ಕಂಬಿ ಹಿಡಿದಳು. "ಯಾರೂ ಇಳೀಬೇಡಿ! ತಗಡಣ್ಣಾ, ಹಿಂದಕ್ಕೆ ಸರಿ. ಅಕ್ಕಾ, ಚೀಲ ಕಂಕುಳಿಗೆ. ತಾತಾ, ಹೊಟ್ಟೆ ಒಳಗೆಳ್ಕೋ. ಇನ್ನೂ... ಉಸಿರು ಬಿಡ್ಬೇಡ!" ಅಳತೆ ಮೀರಿದ ಮೈಯನ್ನು ಬಟ್ಟೆಯೊಳಗೆ ಕೂರಿಸಿದ ಅನುಭವ ಸುಮ್ಮನೆ ಹೋಗಲಿಲ್ಲ. ಬಾಗಿಲಲ್ಲಿ ಒಂದು ಹುಡುಗಿಯಷ್ಟು ಜಾಗ ಬಿಟ್ಟುಕೊಂಡಿತು. ಅವಳು ಒಳಗೆ ಸೇರಿಹೋದಳು.

"ದಿನಾ ಇಷ್ಟೊಂದು ಜನ ಇರ್ತೀರೇನ್ರೀ?" ಕಂಡಕ್ಟರ್ ಬೆರಗಾಗಿ ಕೇಳಿದ.

"ಇವತ್ತು ಕಡಿಮೆ ಕಣಣ್ಣಾ," ಎಂದಳು ಚಿಕ್ಕಮ್ಮ, ರೆಪ್ಪೆ ಮಿಟುಕಿಸದೆ. "ನಾಳೆ ಬನ್ನಿ, ನೋಡುವಿರಂತೆ."

ಬಸ್ಸು ಮಂಜಿನೊಳಗೆ ಕರಗಿತು. ಹಿಂದಿನ ಗಾಜಿನಲ್ಲಿ ಹುಡುಗಿಯ ಕೈ ಕೊಂಚ ಹೊತ್ತು ಆಡಿ, ಅದೂ ಮಂಜಾಯಿತು. ಮೊದಲ ಪಾಠ ಸಿಗುತ್ತದೆ. ಇವತ್ತಿನ ಮಟ್ಟಿಗೆ.

ಹೇಳಿದ ಸುಳ್ಳನ್ನು ನಾಳೆಯೊಳಗೆ ನಿಜ ಮಾಡಬೇಕಿತ್ತು. ಚಿಕ್ಕಮ್ಮ ಚಪ್ಪಲಿ ಮೆಟ್ಟಿಕೊಂಡು ಇಟ್ಟಿಗೆ ಗೂಡಿನವರ ಕೇರಿಯತ್ತ ಹೊರಟಳು. ಅಲ್ಲಿಯೂ ಶಾಲೆ ಮುಗಿಸಿ ಮನೆಯಲ್ಲೇ ಕೂತ ಹುಡುಗಿಯರು ನಾಲ್ಕಾರು ಮಂದಿ ಇದ್ದಾರೆ ಎಂದು ಅವಳಿಗೆ ಗೊತ್ತಿತ್ತು.