ಬಿಸಿಲಪ್ಪನೂ ನಲವತ್ತು ಮೊಟ್ಟೆಗಳೂ

ಕುಂಯ್, ಕುಂಯ್, ಕುಂಯ್. ಮೂರು ಸಲ ಕೂಗಿ ಸುಮ್ಮನಾಗುತ್ತದೆ. ಬೀದಿಯ ಕೊನೆಯ ಮನೆಯಿಂದ ಈ ಸದ್ದು ಬಂದರೆ ಹೊಸಬರು ನಾಯಿಮರಿ ಅಂದುಕೊಳ್ಳುತ್ತಾರೆ. ಹಳಬರಿಗೆ ಗೊತ್ತು, ಬಿಸಿಲಪ್ಪನ ಇನ್ವರ್ಟರ್‌ಗೆ ಹಸಿವಾಗಿದೆ.

ಬಿಸಿಲಪ್ಪ ಎಂಬುದು ಬೀದಿಯವರಿಟ್ಟ ಹೆಸರು. ಅದಕ್ಕೂ ಮೊದಲು ಮೂವತ್ತೊಂದು ವರ್ಷ ಅವರು ವಿದ್ಯುತ್ ಕಚೇರಿಯ ಲೈನ್‌ಮ್ಯಾನ್. ಊರಿನಲ್ಲಿ ಅವರು ಹತ್ತದ ಕಂಬವಿರಲಿಲ್ಲ. ನಿವೃತ್ತರಾದ ಎಂಟನೇ ದಿನ ಅದೇ ಕಚೇರಿಯಿಂದ ಒಂದು ನೋಟಿಸ್ ಬಂತು: 'ನಿಮ್ಮ ಮನೆಗೆ ಬರುವ ತಂತಿ ಹಳೆಯದಾಗಿದೆ. ಅನುಭವವುಳ್ಳ ಲೈನ್‌ಮ್ಯಾನ್ ಒಬ್ಬರಿಂದ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.' ಅವರು ಅದನ್ನು ಎರಡು ಸಲ ಓದಿದರು. ಮರುದಿನ ತಂತಿ ಕಳಚಿ, ಮೀಟರನ್ನು ಟವೆಲ್ಲಿನಲ್ಲಿ ಸುತ್ತಿ ಒಯ್ದು, ಕಚೇರಿಯ ಕೌಂಟರಿನ ಮೇಲಿಟ್ಟು, "ಇನ್ನು ಈ ಮೆಟ್ಟಿಲು ಹತ್ತಿದ್ರೆ ಕೇಳಿ" ಎಂದು ಬಂದರು. ತಿಂಗಳೊಳಗೆ ತಾರಸಿಯ ಮೇಲೆ ಆರು ಸೋಲಾರ್ ಪ್ಯಾನೆಲ್, ಮೆಟ್ಟಿಲ ಕೆಳಗೆ ನಾಲ್ಕು ಬ್ಯಾಟರಿ ಬಂದವು.

ಮನೆಗೆ ಹೊಸ ಸರ್ಕಾರವೂ ಬಂತು. ಅಡುಗೆಮನೆಯ ಬಾಗಿಲಿಗೆ ಒಂದು ಸ್ಲೇಟು ತೂಗುಬಿತ್ತು. ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಬಿಸಿಲಪ್ಪ ಪ್ಯಾನೆಲ್ ಒರೆಸಿ, ಆಕಾಶ ನೋಡಿ, ಸ್ಲೇಟಿನಲ್ಲಿ ಆ ದಿನದ ಆಜ್ಞೆ ಬರೆಯುತ್ತಿದ್ದರು: ಮಿಕ್ಸಿ ಉಂಟು, ಇಸ್ತ್ರಿ ಇಲ್ಲ. ಹೆಂಡತಿ ಅದನ್ನು ಓದಿ ಒರಳು ತೊಳೆಯುವಳೋ ಬಿಡುವಳೋ ತೀರ್ಮಾನಿಸುತ್ತಿದ್ದಳು.

ಅವರಿಗಿದ್ದ ಸುಖ ಒಂದೇ, ಊರಿನ ಕರೆಂಟ್ ಹೋಗುವುದು. ಬೀದಿ ಕತ್ತಲಾದೊಡನೆ ಕುರ್ಚಿ ಎಳೆದುಕೊಂಡು ಜಗಲಿಯ ಬಲ್ಬಿನಡಿ ಪೇಪರ್ ಬಿಡಿಸಿ ಕೂರುತ್ತಿದ್ದರು. ಯಾರಾದರೂ ಇತ್ತ ನೋಡಿದರೆ ಮಾತ್ರ ಪುಟ ತಿರುಗುತ್ತಿತ್ತು.

ಸ್ಲೇಟಿನ ಹತ್ತಿರ ಏನನ್ನೂ ಬೇಡದ ಹೆಂಡತಿ ಈ ಸಲ ಒಂದು ಬೇಡಿದಳು. ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ. ಥರ್ಮಾಕೋಲಿನದು, ಒಳಗೆ ಎರಡು ಬಲ್ಬು, ಒಂದು ಥರ್ಮಾಮೀಟರು. ನಲವತ್ತು ಮೊಟ್ಟೆಗಳ ಒಂದು ಬದಿಗೆ ಪೆನ್ಸಿಲಿನಲ್ಲಿ ಸೊನ್ನೆ, ಇನ್ನೊಂದು ಬದಿಗೆ ಅಡ್ಡಗೆರೆ ಹಾಕಿ, ದಿನಕ್ಕೆ ಮೂರು ಸಲ ತಿರುಗಿಸಿಡುತ್ತಿದ್ದಳು. ಇಪ್ಪತ್ತೊಂದು ದಿನ ಕಾವು ತಪ್ಪದಿದ್ದರೆ ಮರಿ. ತಪ್ಪಿದರೆ ಏನೂ ಇಲ್ಲ.

ಹನ್ನೆರಡನೇ ದಿನ ಮೋಡ ಕವಿಯಿತು. ಹದಿನಾಲ್ಕನೇ ದಿನ ಸ್ಲೇಟು ಹೇಳಿತು: ಕಾವು ಪೆಟ್ಟಿಗೆ, ಗಂಟೆ ಬಿಟ್ಟು ಗಂಟೆ.

"ಹೇಂಟೆ ಗಂಟೆ ಬಿಟ್ಟು ಗಂಟೆ ಕೂರುತ್ತೇನ್ರೀ?"

"ಹೇಂಟೆಗೆ ಬ್ಯಾಟರಿ ವಿಷಯ ಗೊತ್ತಿಲ್ಲ."

ಅವಳು ಹಿತ್ತಲಿಗೆ ನಡೆದಳು. ಆ ಮಧ್ಯಾಹ್ನದಿಂದ ಪೆಟ್ಟಿಗೆ ಮಾತ್ರ ಹಗಲೂ ರಾತ್ರಿ ಬೆಚ್ಚಗಿತ್ತು. ಬ್ಯಾಟರಿಯೂ ಮೊದಲಿನಷ್ಟು ಬೇಗ ಇಳಿಯಲಿಲ್ಲ. ಹಿಂದಿನ ದಿನವಷ್ಟೇ ಪ್ಯಾನೆಲ್‌ಗಳನ್ನು ಎರಡು ಬೆರಳಿನಷ್ಟು ವಾಲಿಸಿದ್ದ ಬಿಸಿಲಪ್ಪನಿಗೆ ಕಾರಣ ಹುಡುಕುವ ಕಷ್ಟವೇ ಬರಲಿಲ್ಲ. ಹಾಲಿನವನಿಗೆ, ಅಂಚೆಯವನಿಗೆ, ಪಕ್ಕದ ಮನೆಯ ಟೀಚರಮ್ಮನಿಗೆ ಎಲ್ಲರಿಗೂ ಎರಡು ಬೆರಳು ಎತ್ತಿ ತೋರಿಸಿದರು.

"ಹೌದಾ ಲೈನ್‌ಮನ್ನರೇ? ಎರಡೇ ಬೆರಳಿಗೆ ಇಷ್ಟು ವ್ಯತ್ಯಾಸವಾ?" ಎಂದರು ಟೀಚರಮ್ಮ, ತರಗತಿಯಲ್ಲಿ ನಗು ತಡೆದು ಪಳಗಿದ ಮುಖದಲ್ಲಿ.

ಆ ಉಮೇದಿನಲ್ಲೇ ಬಿಸಿಲಪ್ಪ ಜಗಲಿಯ ಬಲ್ಬನ್ನು ಹಗಲೂ ಉರಿಸತೊಡಗಿದರು. ಬಿಸಿಲಿಲ್ಲದೆಯೂ ಮನೆ ಬೆಳಗುವುದನ್ನು ನಾಲ್ಕು ಜನ ನೋಡಬೇಡವೇ?

ಹತ್ತೊಂಬತ್ತನೇ ದಿನ ಮಧ್ಯಾಹ್ನ ಗಾಳಿ ಎದ್ದಿತು. ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರ್‌ನಲ್ಲಿ 'ಟಪ್' ಎಂದಿತು. ಫ್ಯಾನುಗಳು ನಿಂತ ಮೌನ ಮನೆಯಿಂದ ಮನೆಗೆ ಹರಿದು ಬಂತು. ಬಿಸಿಲಪ್ಪ ಕುರ್ಚಿ ಎಳೆದುಕೊಂಡರು.

"ರೀ, ಪೆಟ್ಟಿಗೆ ಆರಿಹೋಯ್ತು."

"ಆರೋಕೆ ಸಾಧ್ಯ ಇಲ್ಲ. ಕರೆಂಟ್ ಹೋಗಿರೋದು ಅವರದು, ನಮ್ಮದಲ್ಲ."

ಪೇಪರ್ ನಿಧಾನಕ್ಕೆ ಕೆಳಗಿಳಿಯಿತು.

ಮೂವತ್ತೊಂದು ವರ್ಷದ ಕಣ್ಣಿಗೆ ಒಂದು ನಿಮಿಷ ಸಾಕಾಯಿತು. ಪೆಟ್ಟಿಗೆಯ ಹಿಂದಿನಿಂದ ಕಪ್ಪು ವೈರು ಕಿಟಕಿ ದಾಟಿ, ಹಿತ್ತಲಿನ ಬಟ್ಟೆ ಹಗ್ಗಕ್ಕೆ ಸುತ್ತಿಕೊಂಡು, ಟೀಚರಮ್ಮನ ಅಡುಗೆಮನೆಗೆ ಹೋಗಿತ್ತು. ಅದರ ಮೇಲೆ ಐದು ದಿನದಿಂದ ಅವರೇ ಒಣಹಾಕುತ್ತಿದ್ದ ಟವೆಲ್ಲು ತೂಗುತ್ತಿತ್ತು. ಮೀಟರ್ ಸುತ್ತಿದ್ದ ಅದೇ ಟವೆಲ್ಲು.

"ಈ ಜಾಯಿಂಟ್ ಯಾರು ಹಾಕಿದ್ದು?"

"ನಾನು."

ಅವರು ಟೇಪಿನ ಮೇಲೆ ಬೆರಳಾಡಿಸಿದರು. ಸುತ್ತಿನ ಮೇಲೆ ಸುತ್ತು ಅರ್ಧರ್ಧ ಕೂತಿತ್ತು, ಎಲ್ಲೂ ಸಡಿಲವಿಲ್ಲ. "ಕಲಿಸಿದ್ಯಾರು?"

"ಮೂವತ್ತೊಂದು ವರ್ಷ ಊಟಕ್ಕೆ ಕೂತಾಗ ಇನ್ನೇನು ಮಾತಾಡಿದೀರಿ ನೀವು?"

ಕಿಟಕಿಯಲ್ಲಿ ಟೀಚರಮ್ಮನ ಮುಖ ಕಂಡಿತು. "ನನ್ಮೇಲೆ ಸಿಟ್ಟಾಗ್ಬೇಡಿ. ನಾನು ಎರಡು ಮರಿ ಕೇಳಿದೀನಿ, ಅಷ್ಟೆ."

ಬಿಸಿಲಪ್ಪ ಪೆಟ್ಟಿಗೆಯ ಪ್ಲಗ್ಗನ್ನು ತಮ್ಮ ಸೋಲಾರಿಗೆ ಸಿಕ್ಕಿಸಿದರು. ಕುಂಯ್, ಕುಂಯ್, ಕುಂಯ್. ಜಗಲಿಯ ಬಲ್ಬೂ ಆರಿತು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದಳು ಹೆಂಡತಿ ಪೆಟ್ಟಿಗೆಗೆ ಕಂಬಳಿ ಹೊದಿಸುತ್ತಾ. "ಹಗಲಲ್ಲಿ ಜಗಲಿಗೆ ದೀಪ ಯಾರಿಗೆ ಬೇಕಿತ್ತು? ಕಂಬಳಿಯಲ್ಲಿ ಇನ್ನೆರಡು ಗಂಟೆ ತಡೀಬಹುದು. ಆಮೇಲೆ ಇಲ್ಲ."

ಅವಳು ಒಂದು ಮೊಟ್ಟೆ ತೆಗೆದು ಅವರ ಕಿವಿಗೆ ಹಿಡಿದಳು. ಒಳಗೆ ಯಾರೋ ಬಾಗಿಲು ತಟ್ಟುತ್ತಿದ್ದರು, ಬಹಳ ಮೆಲ್ಲಗೆ, ಮನೆಯವರಿಗೆ ತೊಂದರೆಯಾಗದ ಹಾಗೆ.

ಬಿಸಿಲಪ್ಪ ಜಗಲಿಗೆ ಬಂದು ಮೂಲೆಯತ್ತ ನೋಡಿದರು. ಟ್ರಾನ್ಸ್‌ಫಾರ್ಮರ್‌ನ ಒಂದು ಫ್ಯೂಸ್ ಕಳಚಿ ಜೋತಾಡುತ್ತಿತ್ತು. ಫೋನ್ ಮಾಡಿದರೆ ದೂರು ಪುಸ್ತಕದಲ್ಲಿ 'ನಾಳೆ' ಎಂದು ಬರೆದುಕೊಳ್ಳುತ್ತಾರೆ. ಆ ಪುಸ್ತಕದಲ್ಲಿ ಅವರು ಸ್ವತಃ ಎಷ್ಟು 'ನಾಳೆ' ಬರೆದಿದ್ದರೋ. ಎದುರಿಗೆ ಹೋಗಿ ನಿಲ್ಲದೆ ಇವತ್ತು ಯಾರೂ ಬರುವುದಿಲ್ಲ. ಅವರು ಕಟಿಂಗ್ ಪ್ಲೇಯರ್ ಜೇಬಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದರು.

"ಆಫೀಸಿಗಾ?"

"ಹೂಂ."

"ಮತ್ತೆ ಮೆಟ್ಟಿಲು?"

"ಮೆಟ್ಟಿಲು ಹತ್ತಲ್ಲ" ಎಂದರು ಗೇಟು ತೆಗೆಯುತ್ತಾ. ಬೀದಿಗಿಳಿದ ಮೇಲೂ ತಿರುಗಿ ನೋಡದೆ, ನಡಿಗೆ ನಿಲ್ಲಿಸದೆ ಹೇಳುತ್ತಲೇ ಹೋದರು. "ಅಂಗಳದಲ್ಲೇ ನಿಂತು ಕೂಗ್ತೀನಿ. ಯಾರ ಕಡೆಯವರು ಅಂದ್ರೆ ಟೀಚರಮ್ಮನ ಮನೆ ಕಡೆಯವನು ಅಂತೀನಿ. ಜನ ಇಲ್ಲ ಅಂದ್ರೆ, ಅನುಭವ ಇರೋ ಲೈನ್‌ಮ್ಯಾನ್ ಒಬ್ಬ ಇದಾನೆ, ನೀವು ಲೈನ್ ಆಫ್ ಮಾಡಿ ಕೊಟ್ರೆ ಸಾಕು, ಅವನೇ ಕಂಬ ಹತ್ತಿ ಫ್ಯೂಸ್ ಹಾಕ್ತಾನೆ ಅಂತೀನಿ."