ನಾಲ್ಕು ವೋಲ್ಟಿನ ಫಜ್

2022ರ ಏಪ್ರಿಲ್. ಗೋಕಾಕದಲ್ಲಿ ಆಂಪ್ಲಿಫೈಯರ್ ರಿಪೇರಿ ಅಂಗಡಿ ಇಟ್ಟು ಆಗಲೇ ಮೂವತ್ತೊಂದು ವರ್ಷವಾಗಿತ್ತು. ಸ್ಪೀಕರಿನ ಕರಕರ ಸದ್ದು ತೆಗೆಯುವುದೇ ನನ್ನ ಹೊಟ್ಟೆಪಾಡು. ಮೂಡಲಗಿಯ ಶಕುಂತಲಾ ಅದೇ ಕರಕರವನ್ನು ಬೇಕೆಂದೇ ಹುಟ್ಟಿಸಿ ಹೆಸರು ಮಾಡುತ್ತಿದ್ದಳು. ಮೊದಲು ಮೋಟಾರ್ ರಿವೈಂಡಿಂಗ್ ಮಾಡುತ್ತಿದ್ದ ಹೆಂಗಸು. ಈಗ ಮಾಡ್ಯುಲರ್ ಸಿಂಥಸೈಜರಿಗೆ, ಅಂದರೆ ಬಿಡಿ ಘಟಕಗಳನ್ನು ವೈರಿನಿಂದ ಜೋಡಿಸಿ ನುಡಿಸುವ ವಾದ್ಯಕ್ಕೆ, ಫಜ್ ಮಾಡ್ಯೂಲ್ ಕಟ್ಟುತ್ತಿದ್ದಳು. ನುಣ್ಣನೆಯ ನಾದವನ್ನು ಒರಟು ಮಾಡುವುದೇ ಅದರ ಕೆಲಸ. ಪುಣೆಯಿಂದ ಆರ್ಡರ್ ಬರುತ್ತವಂತೆ. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಬೆಳಿಗ್ಗೆ ಏಳಕ್ಕೇ ನನ್ನ ಹಳೆಯ ಗಿರಾಕಿ, ಹುಕ್ಕೇರಿಯ ಸಂಗೀತಗಾರ ಈರಣ್ಣ, ಆಕೆಯದೇ ಮಾಡ್ಯೂಲ್ ಹಿಡಿದು ಬಂದ. ಮರುದಿನ ತನ್ನೂರಿನಲ್ಲಿ ಅವನ ಮೊದಲ ಸಿಂಥ್ ಕಾರ್ಯಕ್ರಮ. ವೈರು ಚುಚ್ಚುವ ಸಾಕೆಟ್ ಸಡಿಲಾಗಿತ್ತು. ಹತ್ತು ನಿಮಿಷದ ಬೆಸುಗೆ, ಅಲ್ಲಿಗೇ ಬಿಡಬೇಕಿತ್ತು. ಬಿಡದೆ ಮೀಟರ್ ಇಟ್ಟು ನೋಡಿದೆ. ಹನ್ನೆರಡು ವೋಲ್ಟಿನ ಸರ್ಕಿಟ್. ಜರ್ಮೇನಿಯಂ ಟ್ರಾನ್ಸಿಸ್ಟರಿನಲ್ಲಿ ಅದರರ್ಧ, ಆರು ವೋಲ್ಟ್, ಇರಬೇಕು. ನಾಲ್ಕಿತ್ತು. ನನಗಾದ ಖುಷಿ ಹೇಳತೀರದು.

"ಆಕಿ ತಪ್ಪು ಮಾಡ್ಯಾಳ ಈರಣ್ಣ, ನಾ ಸರಿ ಮಾಡ್ತೇನಿ," ಎಂದು ತಿರುಪು ತಿರುಗಿಸಿ ಆರಕ್ಕೆ ತಂದಿಟ್ಟೆ. ಅಷ್ಟಕ್ಕೇ ಸುಮ್ಮನಿರದೆ, ಕಾರ್ಯಕ್ರಮ ನೋಡಲು ಹುಕ್ಕೇರಿಗೂ ಹೋದೆ.

ಮಧ್ಯಾಹ್ನ ಮೂರು ಗಂಟೆ, ತಗಡಿನ ಚಪ್ಪರ. ಹತ್ತೇ ನಿಮಿಷಕ್ಕೆ ಫಜ್ ತಡವರಿಸಿತು, ಆಮೇಲೆ ನಿಂತೇಹೋಯಿತು. ಜನ ಗುಸುಗುಸು ಶುರುಮಾಡಿದರು. ಈರಣ್ಣ ಅಳುಮೋರೆಯಲ್ಲಿ ನನ್ನತ್ತ ನೋಡಿದ. ಬೇರೆ ದಾರಿ ಕಾಣದೆ ಮರೆಗೆ ಹೋಗಿ ಶಕುಂತಲಾಗೆ ಫೋನ್ ಮಾಡಿ, ಸಾಕೆಟ್ ಬೆಸೆದದ್ದು, ತಿರುಪು ತಿರುಗಿಸಿದ್ದು ಎಲ್ಲ ಹೇಳಿದೆ.

"ಕಾಕಾ, ವೋಲ್ಟೇಜ್ ಎಷ್ಟಕ್ಕ ಇಟ್ಟೀರಿ?"

"ಆರಕ್ಕ."

"ಜರ್ಮೇನಿಯಂ ಐತ್ರಿ, ಬಿಸಲಿಗೆ ವೋಲ್ಟೇಜ್ ಏರತೈತಿ. ಮಧ್ಯಾಹ್ನ ಆರಕ್ಕ ಬರ್ಲಿ ಅಂತನ ತಂಪಿನಾಗ ನಾಕಕ್ಕ ಇಟ್ಟಿದ್ದೆ. ಈಗ ಇಳಸ್ರಿ." ಫೋನ್ ಇಡುವ ಮುಂಚೆ ಮೆಲ್ಲಗೆ ಹೇಳಿದಳು: "ಈರಣ್ಣಗ ಸಾಕೆಟ್ ಮತ್ತ ಸಡ್ಲ ಆಗಿತ್ತು ಅಂತ ಹೇಳ್ರಿ. ನಿಮ್ಮ ಹೆಸರು ಕೆಡೂದು ಬ್ಯಾಡ."

ಮೀಟರ್ ಒಂಬತ್ತು ತೋರಿಸುತ್ತಿತ್ತು. ಆರಕ್ಕೆ ಇಳಿಸಿದೆ. ಫಜ್ ಗರ್ಜಿಸಿತು, ಜನ ಚಪ್ಪಾಳೆ ತಟ್ಟಿದರು.

ಆಕೆಯ ಕೈಕೆಲಸ ನೋಡಿ ಉರಿದದ್ದೇ ಸಾಕಾಗಿತ್ತು. ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಿದರೆ ಹೇಗೆ ತಡೆಯಲಿ? ಕಾರ್ಯಕ್ರಮ ಮುಗಿದ ಮೇಲೆ ಎಲ್ಲರೆದುರಿಗೇ ಈರಣ್ಣನಿಗೆ, "ತಪ್ಪು ನಂದಪಾ. ಆಕಿ ಇಟ್ಟಿದ್ದ ಖರೆ ಇತ್ತು," ಎಂದೆ.

ಇನ್ನೊಬ್ಬರ ಕೆಲಸದಲ್ಲಿ ತಪ್ಪು ಕಂಡು ಖುಷಿಯಾಯಿತೆಂದರೆ ಮೊದಲು ಅವರನ್ನೇ ಕೇಳಬೇಕು. ವೃತ್ತಿ ನನಗೆ ಕಲಿಸಿದ್ದು ಇದು. ಅಂಗಡಿ ಮುಚ್ಚುವವರೆಗೂ ಶಕುಂತಲಾಗೆ ಹಾಗೆ ಎಷ್ಟೋ ಸಲ ಫೋನ್ ಮಾಡಿದೆ. ಆಕೆಯ ತಪ್ಪು ಒಂದೂ ಸಿಗಲಿಲ್ಲ. ಹೊಟ್ಟೆಕಿಚ್ಚು ಹಾಗೇ ಇದೆ.